ಅಂಗಣ ಅಳಿಯಿತು, ಅಂಕಿ ಉಳಿಯಿತು

ನ್ಯೂಯಾರ್ಕ್ ಮಹಾನಗರದ ಬ್ರೂಕ್ಲಿನ್ ಭಾಗದಲ್ಲಿ, ಬೆಡ್‌ಫರ್ಡ್ ಅವೆನ್ಯೂ ಎಂಬ ಬೀದಿಯ ಮಗ್ಗುಲಿಗೆ, ಮುಗಿಲೆತ್ತರದ ಇಟ್ಟಿಗೆಯ ವಸತಿಗೃಹಗಳು ನಿಂತಿವೆ. ಬಹುಕಾಲ ಅಲ್ಲಿನ ಗೋಡೆಯೊಂದರ ಮೇಲೆ ‘ಇಲ್ಲಿ ಚೆಂಡಾಟ ಕೂಡದು’ ಎಂಬ ಫಲಕವಿದ್ದಿತು. ಆ ನೆಲದ ಪೂರ್ವಕಥೆಯನ್ನು ಬಲ್ಲವರು ಅದನ್ನೋದಿ ನಗಬೇಕೋ ಮರುಗಬೇಕೋ ತಿಳಿಯದೆ ನಿಂತುದುಂಟು. ಏಕೆಂದರೆ 1913ರಿಂದ 1957ರವರೆಗೆ ಅದು ಎಬೆಟ್ಸ್ ಫೀಲ್ಡ್. ಡಾಡ್ಜರ್ಸ್ ಬೇಸ್‌ಬಾಲ್ ತಂಡದ ತವರು.

ಅಮೆರಿಕದ ಉನ್ನತ ದರ್ಜೆಯ ಬೇಸ್‌ಬಾಲಿನಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಕಪ್ಪುವರ್ಣದವರಿಗೆ ಎಡೆಯಿರಲಿಲ್ಲ. ಬರೆದಿಟ್ಟ ಶಾಸನವೇನೂ ಇರಲಿಲ್ಲ. ತಂಡಗಳ ಒಡೆಯರ ಒಳ ಒಪ್ಪಂದವೇ ಶಾಸನವಾಗಿತ್ತು. ಅದನ್ನು ಮುರಿಯಲು ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ 1945ರಲ್ಲಿ ಆರಿಸಿದ್ದು ಜಾಕಿ ರಾಬಿನ್‌ಸನ್‌ನನ್ನು. ಯಾರು ಎಷ್ಟೇ ಹೀಯಾಳಿಸಲಿ, ತಿರುಗಿ ಕೈಯೆತ್ತಬಾರದೆಂಬುದು ರಿಕಿಯ ಕಟ್ಟಳೆ.

ರಾಬಿನ್‌ಸನ್ ಸ್ವಭಾವತಃ ತಲೆತಗ್ಗಿಸುವವನಲ್ಲ. 1944ರಲ್ಲಿ ಸೈನ್ಯಾಧಿಕಾರಿಯಾಗಿದ್ದಾಗ ಬಸ್ಸಿನ ಹಿಂಬದಿಗೆ ಹೋಗಲೊಲ್ಲದೆ ಸೈನಿಕ ನ್ಯಾಯಾಲಯವನ್ನು ಎದುರಿಸಿ, ನಿರ್ದೋಷಿಯೆನಿಸಿಕೊಂಡವನು. ಅಂಥವನಿಗೆ ಮೌನವೇ ಅತಿ ಕಠಿಣ ವ್ರತವಾಗಿತ್ತು.

1947ರ ಏಪ್ರಿಲ್ 15ರಂದು, 42ನೆಯ ಅಂಕಿಯ ಅಂಗಿ ತೊಟ್ಟು ಆತ ಎಬೆಟ್ಸ್ ಫೀಲ್ಡಿಗಿಳಿದನು. ಅಂದು ಅವನ ಬ್ಯಾಟಿನಿಂದ ಹೆಸರಿಸುವಂಥ ಹೊಡೆತವೊಂದೂ ಬರಲಿಲ್ಲ. ಆದರೂ ಚುರುಕಾದ ಓಟದಿಂದ ಒಂದು ರನ್ ದೊರಕಿತು. ಬ್ರೂಕ್ಲಿನ್ ತಂಡ ಬಾಸ್ಟನ್ನಿನ ವಿರುದ್ಧ 5–3ರಿಂದ ಗೆದ್ದಿತು. ಮುಂದಿನ ತಿಂಗಳುಗಳಲ್ಲಿ ಬೈಗುಳ, ಬೆದರಿಕೆಯ ಪತ್ರಗಳು, ತಲೆಗೇ ಗುರಿಯಿಟ್ಟ ಚೆಂಡುಗಳು ಎಲ್ಲವೂ ಬಂದವು. ರಾಬಿನ್‌ಸನ್ ಕೊಟ್ಟ ಉತ್ತರ ಆಟವೊಂದೇ. ವರ್ಷಾಂತ್ಯಕ್ಕೆ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಅವನದಾಯಿತು; 1955ರಲ್ಲಿ ಬ್ರೂಕ್ಲಿನ್ ತಂಡಕ್ಕೆ ವರ್ಲ್ಡ್ ಸೀರೀಸ್ ವಿಜಯವೂ ದೊರೆಯಿತು.

ಅನಂತರ ತಂಡವು ಲಾಸ್ ಏಂಜಲೀಸಿಗೆ ವಲಸೆ ಹೋಯಿತು. 1960ರಲ್ಲಿ ಕ್ರೀಡಾಂಗಣವನ್ನು ಕೆಡವತೊಡಗಿದರು. ಬೇಸ್‌ಬಾಲಿನಂತೆ ಬಣ್ಣ ಬಳಿದ ಕಬ್ಬಿಣದ ಗುಂಡೇ ಅದರ ಗೋಡೆಗಳನ್ನು ಒಡೆಯಿತು! ರಾಬಿನ್‌ಸನ್ 1972ರಲ್ಲಿ ತೀರಿಕೊಂಡನು. ಅವನ ಸಮಾಧಿಯಿರುವ ಸೈಪ್ರೆಸ್ ಹಿಲ್ಸ್ ರುದ್ರಭೂಮಿಯೂ ಬ್ರೂಕ್ಲಿನ್ನಿನ ಕಡೆಯದೇ. ಅದರ ನಡುವೆ ಹಾಯುವ ಹೆದ್ದಾರಿಗೆ ಇಂದು ಅವನದೇ ಹೆಸರು.

1997ರಲ್ಲಿ, ಇನ್ನು ಯಾವ ತಂಡವೂ 42ನೆಯ ಅಂಕಿಯನ್ನು ಹೊಸ ಆಟಗಾರನಿಗೆ ಕೊಡಬಾರದೆಂದು ನಿರ್ಧಾರವಾಯಿತು. ಆದರೆ ವರ್ಷಕ್ಕೊಮ್ಮೆ, ಏಪ್ರಿಲ್ 15ರಂದು, ಎಲ್ಲ ತಂಡಗಳ ಎಲ್ಲ ಆಟಗಾರರೂ ಅದನ್ನೇ ಧರಿಸುತ್ತಾರೆ. ಅಂದು ಬೆನ್ನಿನ ಅಂಕಿಯನ್ನು ನೋಡಿ ಇವನಾರು, ಅವನಾರು ಎಂದು ಗುರುತಿಸುವಂತಿಲ್ಲ. ಒಮ್ಮೆ ಒಬ್ಬನೇ ಹೊತ್ತ ಭಾರವನ್ನು ಅಂದು ಎಲ್ಲರೂ ಹೊರುತ್ತಾರೆ.