ನೂರು ಯೆನ್ನಿನ ಕಾಳಗ

ಟೋಕಿಯೊದ ಅಕಿಹಾಬರ ವಿದ್ಯುನ್ಮಾನ ಸಾಮಗ್ರಿಗಳಿಗೆ ಹೆಸರಾದ ಪೇಟೆ. ಅಲ್ಲಿನ ವಿಡಿಯೋ ಆಟದಂಗಡಿಗಳೂ ಅಷ್ಟೇ ಪ್ರಸಿದ್ಧ. 1991ರಲ್ಲಿ ಕ್ಯಾಪ್‌ಕಾಮ್ ಸಂಸ್ಥೆಯ ‘ಸ್ಟ್ರೀಟ್ ಫೈಟರ್ 2’ ಬಂದಾಗ ಜಪಾನಿನ ಇಂಥ ಅಂಗಡಿಗಳಿಗೆ ಹುಡುಗರು ಮುಗಿಬಿದ್ದರು. ಒಂದು ಜಾಯ್‌ಸ್ಟಿಕ್, ಆರು ಗುಂಡಿ: ಮೂರು ಗುದ್ದಿಗೆ, ಮೂರು ಒದೆತಕ್ಕೆ. ಹೊಸಬರಿಗೆ ಬೆರಳು ತೊಡರುವುದೇ ಹೆಚ್ಚು. ಆರಿಸಿಕೊಳ್ಳಲು ಎಂಟು ಜಟ್ಟಿಗಳು. ಅವರಲ್ಲೊಬ್ಬ ಭಾರತದವನೇ, ಕೈಕಾಲುಗಳನ್ನು ಮಾರುದ್ದ ಚಾಚುವ, ಬೆಂಕಿ ಉಗುಳುವ ಯೋಗಪಟು ಧಾಲ್ಸಿಮ್!

ಗೆದ್ದವನಿಗೆ ಆಟ ಪುಕ್ಕಟೆ ಮುಂದುವರಿಯುತ್ತದೆ. ಸೋತವನು ಮತ್ತೆ ಆಡಬೇಕೆಂದರೆ ಇನ್ನೊಂದು ನೂರು ಯೆನ್ ನಾಣ್ಯ ಹಾಕಬೇಕು. ಜೇಬುಖರ್ಚು ಕರಗುವುದು ಹೀಗೆ. ಆದ್ದರಿಂದ ಜಾಣ ಹುಡುಗರು ಮೊದಲು ಹಿಂದೆ ನಿಂತು, ಬಲ್ಲವರ ಪಟ್ಟುಗಳನ್ನು ನೋಡಿ ಕಲಿಯುತ್ತಾರೆ. ನೋಡುವುದಕ್ಕೆ ಕಾಸಿಲ್ಲವಲ್ಲ! ರಾತ್ರಿ 10ರ ನಂತರ 18 ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಪಾಲಕರಿಗೆ ಅಷ್ಟರಮಟ್ಟಿಗೆ ಕಾನೂನಿನ ನೆರವುಂಟು. ಉಳಿದದ್ದನ್ನು ಮನೆಯಲ್ಲೇ ಹೇಳಿಕೊಡಬೇಕು.