ಗೋದಾಮಿನಿಂದ ಬಂದ ಚಿತ್ರಗಳು

ಪರದೇಶದ ಅಂಗಡಿಯಲ್ಲಿ ಒಂದು ವಸ್ತುವನ್ನು ಕೊಳ್ಳಲು ಈಗ ಅಲ್ಲಿಗೆ ಹೋಗಬೇಕಾಗಿಲ್ಲ. ಅಲ್ಲಿಯ ಭಾಷೆ ಬರಬೇಕೆಂದೂ ಇಲ್ಲ. ನಮ್ಮ ಪರವಾಗಿ ಕೊಂಡು, ತಮ್ಮ ಗೋದಾಮಿನಲ್ಲಿ ಇರಿಸಿಕೊಂಡು, ನಾವು ಹೇಳಿದಾಗ ಕಳುಹಿಸಿಕೊಡುವ ಮಧ್ಯವರ್ತಿಗಳಿದ್ದಾರೆ. ಇವರಿಗೆ ‘ಶಾಪಿಂಗ್ ಏಜೆಂಟ್’ ಎಂದು ಹೆಸರು. ಕಳೆದ ವರ್ಷ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ಈ ವ್ಯವಹಾರವನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಹೈಸ್ಕೂಲಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಬೋಧಿಸಿದ ನನಗೆ ಅದರ ಒಂದು ಹಂತ ಬಹಳ ಹಿಡಿಸಿತು. ಗೋದಾಮಿನಿಂದ ಹೊರಡಿಸುವ ಮೊದಲು ಅವರು ವಸ್ತುವಿನ ಛಾಯಾಚಿತ್ರಗಳನ್ನು ಕಳುಹಿಸುತ್ತಾರೆ. ನೋಡಿ ಒಪ್ಪಿಗೆ ಕೊಡಬೇಕಾದವರು ನಾವು.

ಚೀನಾದ ತಾವ್‌ಬಾವ್ (ಅಲಿಬಾಬಾ ಕಂಪನಿ 2003ರಲ್ಲಿ ಆರಂಭಿಸಿದ್ದು), 1688 ಮುಂತಾದ ಜಾಲತಾಣಗಳು ಮುಖ್ಯವಾಗಿ ಆ ದೇಶದ ಗ್ರಾಹಕರಿಗಾಗಿ ಇರುವಂಥವು. ಹೊರಗಿನವರು ಏಜೆಂಟರಿಗೆ ಹಣ ಕಟ್ಟಿದರೆ, ಅವರು ಯುವಾನ್‌ನಲ್ಲಿ ಪಾವತಿಸಿ ಸರಕನ್ನು ತಮ್ಮ ಗೋದಾಮಿಗೆ ತರಿಸಿಕೊಳ್ಳುತ್ತಾರೆ. ಗೋದಾಮಿನಲ್ಲಿ ಇರುವವರೆಗೆ ಅದು ಆ ದೇಶದೊಳಗಿನ ವ್ಯಾಪಾರ. ಅಲ್ಲಿಯ ಗ್ರಾಹಕ ರಕ್ಷಣಾ ಕಾನೂನಿಗೆ ಬಂದ ತಿದ್ದುಪಡಿಯ ಪ್ರಕಾರ, 2014ರ ಮಾರ್ಚ್ 15ರಿಂದ, ಜಾಲತಾಣದಲ್ಲಿ ಕೊಂಡ ಬಹುತೇಕ ವಸ್ತುಗಳನ್ನು ಕೈಸೇರಿದ 7 ದಿನಗಳೊಳಗೆ ಕಾರಣ ಹೇಳದೆಯೂ ಹಿಂತಿರುಗಿಸಬಹುದು. ಆ ಏಳು ದಿನಗಳ ಎಣಿಕೆ ಶುರುವಾಗುವುದು ಸರಕು ಗೋದಾಮು ತಲುಪಿದಂದಿನಿಂದಲೇ ಹೊರತು ನಮ್ಮ ಮನೆ ತಲುಪಿದಂದಿನಿಂದಲ್ಲ. ಒಮ್ಮೆ ಸಮುದ್ರ ದಾಟಿತೆಂದರೆ, ಹಿಂದಕ್ಕೆ ಕಳುಹಿಸುವ ಖರ್ಚು ವಸ್ತುವಿನ ಬೆಲೆಯನ್ನೇ ಮೀರುವುದುಂಟು. ಆದ್ದರಿಂದ ಚಿತ್ರಗಳನ್ನು ‘ಆಮೇಲೆ ನೋಡಿದರಾಯಿತು’ ಎಂದು ಬಿಡುವಂತಿಲ್ಲ.

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಅಲ್ಲಿಯೇ ಒಬ್ಬ ಕನ್ನಡದ ಮಹಿಳೆಯ ಬಳಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. (ಚೌಡಯ್ಯನವರ ಏಳು ತಂತಿಯ ಪಿಟೀಲಿನ ಕಥೆಯನ್ನು ನಾನೇ ಅವಳಿಗೆ ಹೇಳಿದ್ದು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಇದೆ ಎಂದಾಗ ಮೊದಲು ನಂಬಲಿಲ್ಲ.) ಬಾಡಿಗೆಯ ಪಿಟೀಲು ಅವಳ ಕೈಗೆ ಚಿಕ್ಕದಾಗಿತ್ತು. ಎಡಗೈ ಚಾಚಿಸಿ ಅಳತೆ ತೆಗೆದ ಟೀಚರು, ‘ಅರ್ಧ’ ಅಳತೆಯದು ಬೇಕು ಎಂದರು. ಮಕ್ಕಳ ಪಿಟೀಲುಗಳಿಗೆ 1/8, 1/4, 1/2, 3/4 ಎಂದು ಹೆಸರುಗಳಿವೆ; ಇವು ನಿಜವಾದ ಭಿನ್ನರಾಶಿಗಳಲ್ಲ ಎಂಬುದು ಗಣಿತದ ಮೇಷ್ಟ್ರಿಗೆ ಸ್ವಲ್ಪ ಕಸಿವಿಸಿಯ ಸಂಗತಿ! ಪೂರ್ಣ ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಇದ್ದರೆ ಅರ್ಧದ್ದು ಸುಮಾರು 31, ಮುಕ್ಕಾಲಿನದು 33.5. ಚೀನಾದ ಜಿಯಾಂಗ್ಸು ಪ್ರಾಂತ್ಯದ ಹುವಾಂಗ್‌ಚಿಯಾವ್ ಎಂಬ ಊರು ಪಿಟೀಲು ತಯಾರಿಕೆಗೇ ಹೆಸರಾದದ್ದು. ಬೆಲೆಯನ್ನು ಹೋಲಿಸಿ ನೋಡಿದ ಮಗಳು ಏಜೆಂಟರ ಮೂಲಕ ಚೀನಾದಿಂದಲೇ ತರಿಸಲು ನಿರ್ಧರಿಸಿದಳು. ವಾದ್ಯವನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಅದೇ. ಆದರೆ ಮನೆ ಅವರದು, ದುಡ್ಡೂ ಅವರದು.

ಒಂದು ಸಂಜೆ ಐದು ಚಿತ್ರಗಳು ಬಂದವು. ಬೂದು ಬಣ್ಣದ ಹಾಸಿನ ಮೇಲೆ ಪಿಟೀಲು, ಮುಂದಿನಿಂದ, ಹಿಂದಿನಿಂದ, ಕಮಾನು, ಪೆಟ್ಟಿಗೆ, ಪಾರ್ಸೆಲ್ಲಿನ ಚೀಟಿ. “ಎಲ್ಲಾ ಸರಿಯಾಗಿದೆಯಲ್ಲಪ್ಪ, ಕಳಿಸಿ ಅಂತ ಒತ್ತಿಬಿಡ್ತೀನಿ” ಎಂದಳು ಮಗಳು. ಬಣ್ಣ ಸರಿ, ಸಂಖ್ಯೆ ಸರಿ. ಆದರೆ ಅಳತೆಗೋಲಿಲ್ಲದ ಚಿತ್ರದಲ್ಲಿ ಮುಕ್ಕಾಲಿನ ಪಿಟೀಲೂ ಅರ್ಧದ್ದರಂತೆಯೇ ಕಾಣುತ್ತದೆ. ಎರಡರ ಆಕಾರವೂ ಒಂದೇ ಅಲ್ಲವೇ? ಸಮರೂಪ ತ್ರಿಭುಜಗಳ ಪಾಠ ಮಾಡುವಾಗ ಇದನ್ನು ಎಷ್ಟು ಸಲ ಹೇಳಿದ್ದೇನೋ. ಸ್ವಲ್ಪ ಹೆಚ್ಚಿನ ಶುಲ್ಕ ಕೊಟ್ಟರೆ ನಾವು ಕೇಳಿದ ಚಿತ್ರವನ್ನೂ ತೆಗೆದು ಕಳುಹಿಸುತ್ತಾರೆ. ಕತ್ತನ್ನು ಬಿಟ್ಟು ಒಡಲಿನ ಉದ್ದಕ್ಕೆ ಟೇಪು ಹಿಡಿದು ತೆಗೆಯಲು ಹೇಳಿಸಿದೆ.

ಮರುದಿನ ಚಿತ್ರ ಬಂತು. ಬಿಳಿ ಕೈಗವಸು ತೊಟ್ಟ ಒಂದು ಕೈ ದರ್ಜಿಯ ಟೇಪನ್ನು ಹಿಡಿದಿತ್ತು. ಅಂಕಿ ಸುಮಾರು ಹತ್ತು! “ಹತ್ತು ಇಂಚು ಅಂದ್ರೆ 1/8 ಅಳತೆ, ಪುಟ್ಟ ಮಕ್ಕಳದ್ದು” ಎಂದು ಮಗಳಿಗೆ ಗಾಬರಿ. ಆದರೆ ಆ ಕೈಯ ಪಕ್ಕದಲ್ಲಿ ಪಿಟೀಲು ಅಷ್ಟು ಪುಟ್ಟದಾಗಿ ಕಾಣಲಿಲ್ಲ. ಚಿತ್ರವನ್ನು ಹಿಗ್ಗಿಸಿ ಟೇಪಿನ ಗೆರೆಗಳನ್ನು ನೋಡಿದೆ. ಪ್ರತಿ ಅಂಕಿಯ ನಡುವಿನ ಅಂತರ ಹೆಬ್ಬೆರಳಿನ ಅಗಲಕ್ಕಿಂತ ಸಾಕಷ್ಟು ಹೆಚ್ಚಾಗಿತ್ತು. ಅದು ಇಂಚು ಅಲ್ಲ. ಚೀನಾದ ದರ್ಜಿ ಟೇಪುಗಳಲ್ಲಿ ಒಂದು ಬದಿಗೆ ಸೆಂಟಿಮೀಟರ್, ಇನ್ನೊಂದು ಬದಿಗೆ ಅವರ ಸ್ವಂತ ಅಳತೆ ಇರುವುದುಂಟು. ಮೀಟರಿನ ಮೂರನೆಯ ಒಂದು ಭಾಗ ಒಂದು ‘ಚೀ’; ಅದರ ಹತ್ತನೆಯ ಒಂದು ಭಾಗ ‘ತ್ಸುನ್’, ಅಂದರೆ ಸುಮಾರು 3.33 ಸೆಂಟಿಮೀಟರ್. ಹತ್ತು ತ್ಸುನ್ ಎಂದರೆ 33.3. ಬಂದಿರುವುದು ಚಿಕ್ಕದಲ್ಲ, ದೊಡ್ಡದು! ಟೇಪಿನ ಇನ್ನೊಂದು ಬದಿಯನ್ನು ತೋರಿಸಿ, ಸೊನ್ನೆಯ ಗೆರೆಯೂ ಕಾಣುವಂತೆ, ಕ್ಯಾಮೆರಾವನ್ನು ನೇರ ಮೇಲೆ ಹಿಡಿದು ತೆಗೆಯಿರಿ ಎಂದು ಮತ್ತೆ ಬರೆಸಿದೆ. ಓರೆಯಿಂದ ತೆಗೆದರೆ ಪ್ಯಾರಲಾಕ್ಸ್ ದೋಷ ಬರುತ್ತದೆ. ಎಂಟನೆಯ ತರಗತಿಯ ಪ್ರಯೋಗಶಾಲೆಯಲ್ಲಿ ಕಲಿಸುವ ವಿಷಯ. ಉತ್ತರ: 33.5. ಮಾರಿದವರು ಮುಕ್ಕಾಲಿನದನ್ನು ಕಳುಹಿಸಿದ್ದರು.

ಆಗ ಮನೆಯಲ್ಲಿ ಸಣ್ಣದೊಂದು ಚರ್ಚೆಯೇ ನಡೆಯಿತು. “ಬೆಳೆಯೋ ಮಗು ಅಪ್ಪ, ಇನ್ನೆರಡು ವರ್ಷಕ್ಕೆ ಇದೇ ಸರಿಹೋಗುತ್ತೆ, ಇಟ್ಕೊಂಡುಬಿಡೋಣ” ಎಂದಳು ಮಗಳು. ಜೂನ್ ತಿಂಗಳಲ್ಲಿ ಸಮವಸ್ತ್ರವನ್ನು ಎರಡು ಬೆರಳು ಮಡಿಕೆ ಹಾಕಿ ಹೊಲಿಸಿ ಬೆಳೆಸಿದ ಅಪ್ಪನಿಗೇ ಆ ಮಾತು! ಲಂಗದ ಅಂಚನ್ನು ಮಡಿಸಬಹುದು, ಪಿಟೀಲನ್ನು ಮಡಿಸುವಂತಿಲ್ಲ. ತೋಳಿಗೆ ಎಟುಕದ ವಾದ್ಯವನ್ನು ಹಿಡಿದರೆ ಮಣಿಕಟ್ಟು ಸೊಟ್ಟಗಾಗಿ, ಭುಜ ನೋಯುತ್ತದೆ. ಶ್ರುತಿಯ ಸ್ಥಾನಗಳೂ ಬೆರಳಿಗೆ ಸಿಗುವುದಿಲ್ಲ. ಟೀಚರಿಗೆ ಫೋನು ಮಾಡಿದಾಗ ಅವರೂ ಅದನ್ನೇ ಹೇಳಿದರು. ಮಗಳನ್ನು ಹೆಚ್ಚಾಗಿ ಒಪ್ಪಿಸಿದ್ದು ಮಾತ್ರ ಸಾಗಾಣಿಕೆಯ ಲೆಕ್ಕ. ಪೆಟ್ಟಿಗೆಯ ಉದ್ದ 70, ಅಗಲ 25, ಎತ್ತರ 15 ಸೆಂಟಿಮೀಟರ್. ಮೂರನ್ನೂ ಗುಣಿಸಿ, ಅನೇಕ ಕೊರಿಯರ್‌ಗಳು ಮಾಡುವಂತೆ 5000ದಿಂದ ಭಾಗಿಸಿದರೆ 5.25. ಎರಡು ಕಿಲೋ ತೂಗುವ ವಸ್ತುವಿಗೆ ಐದೂಕಾಲು ಕಿಲೋ ಬಾಡಿಗೆ! ಅಷ್ಟು ತೆತ್ತು ಎರಡು ವರ್ಷ ಕಪಾಟಿನಲ್ಲಿಡುವುದೇ? ನಾಲ್ಕನೆಯ ದಿನ ಹಿಂತಿರುಗಿಸಲು ಬರೆದಳು. ತಪ್ಪು ಮಾರಿದವರದಾದ್ದರಿಂದ ಮರಳಿಸುವ ವೆಚ್ಚವನ್ನೂ ಅವರೇ ಭರಿಸಿದರು.

ಎರಡನೆಯ ಪಿಟೀಲಿನ ಅಳತೆ 31, ಸರಿಯಾಗಿಯೇ ಇತ್ತು. ಈ ಸಲ ತೊಡಕು ಬೇರೆ. ‘ಎಫ್’ ಆಕಾರದ ರಂಧ್ರದ ಕೆಳತುದಿಯಿಂದ ಕೂದಲೆಳೆಯಂಥ ಒಂದು ಗೆರೆ ಹೊರಟಿತ್ತು. ಬಿರುಕು ಬಿಡುವ ಜಾಗವೇ ಅದು. ಆದರೆ ಮೇಲೆ ತಂತಿಗಳಿವೆ, ವಾರ್ನಿಷಿನ ಹೊಳಪಿದೆ, ನೆರಳೂ ಆಗಿರಬಹುದು. ಇದನ್ನು ತೀರ್ಮಾನಿಸಲು ಇನ್ನೂ ಹತ್ತಿರದ ಚಿತ್ರ ಬೇಕಾಗಿಲ್ಲ, ಬೆಳಕಿನ ದಿಕ್ಕು ಬದಲಾದರೆ ಸಾಕು. ದೀಪವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟು ಎರಡು ಚಿತ್ರ ಕೇಳಿದೆವು. ದೀಪ ಸರಿದಂತೆ ಸರಿದರೆ ನೆರಳು, ಇದ್ದಲ್ಲೇ ಇದ್ದರೆ ಬಿರುಕು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೊಮ್ಮಗಳೇ ಮೊದಲು ಕೂಗಿದಳು: “ತಾತ, ಗೆರೆ ಆ ಕಡೆಗೆ ಹೋಯ್ತು!” ಜೊತೆಗೆ ರಂಧ್ರದೊಳಕ್ಕೆ ಇಣುಕಿದಂಥ ಒಂದು ಚಿತ್ರ, ಕಮಾನಿನ ಕಡ್ಡಿ ನೆಟ್ಟಗಿದೆಯೇ ಎಂದು ಹಿಂತುದಿಯಿಂದ ಕಣ್ಣುಹಾಯಿಸಿದ ಚಿತ್ರ, ಬಿರಡೆಗಳ ಚಿತ್ರ, ಇಷ್ಟನ್ನೂ ತರಿಸಿಕೊಂಡ ಮೇಲೆ ಮಗಳು ಒಪ್ಪಿಗೆಯ ಗುಂಡಿ ಒತ್ತಿದಳು. ತಂತಿಗಳನ್ನು ಸಡಿಲಿಸಿ, ಕುದುರೆಯನ್ನು ಮಲಗಿಸಿ, ಬಟ್ಟೆ ಸುತ್ತಿ ಕಳುಹಿಸಬೇಕೆಂದೂ ಬರೆದಳು.

ಆ ಕೈಗವಸಿನ ಕೈ ಎರಡು ಪಿಟೀಲುಗಳ ಚಿತ್ರಗಳಲ್ಲೂ ಇತ್ತು. ಒಬ್ಬರದೇ ಆಗಿರಬೇಕು, ಹೆಬ್ಬೆರಳಿನ ತುದಿಯಲ್ಲಿ ಕೈಗವಸು ಒಂದೇ ರೀತಿ ಸವೆದಿತ್ತು. ದಿನವಿಡೀ ಅಪರಿಚಿತರ ಬೂಟು, ಕೋಟು, ಗೊಂಬೆಗಳನ್ನು ಬಿಚ್ಚಿ, ಚಿತ್ರ ತೆಗೆದು, ಮತ್ತೆ ಕಟ್ಟಿಡುವ ಕೆಲಸ. ಚೀಟಿಯಲ್ಲಿರುವ ಸಂಖ್ಯೆ, ಬಣ್ಣಗಳನ್ನು ತಾಳೆ ನೋಡುವುದು ಅವರ ಹೊಣೆ. ಅರ್ಧ, ಮುಕ್ಕಾಲುಗಳ ಭೇದ ಅವರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಕೇಳಿದ್ದನ್ನು ಮಾತ್ರ ಒಂದು ಸಲವೂ ಬೇಸರಿಸದೆ ತೋರಿಸಿದರು. ಧನ್ಯವಾದ ಹೇಳಬೇಕೆಂದು ಮಗಳ ಕೈಯಲ್ಲಿ ಒಂದು ಸಾಲು ಬರೆಸಿದೆ. ಅದು ಆ ಕೈಗೆ ತಲುಪಿತೋ, ಕಂಪ್ಯೂಟರಿನಲ್ಲೇ ಉಳಿಯಿತೋ.

ನಾದ ಹೇಗಿದೆ ಎಂದು ಹೇಳುವ ಚಿತ್ರ ಮಾತ್ರ ಯಾವ ಗೋದಾಮಿನಲ್ಲೂ ಸಿಗುವುದಿಲ್ಲ. ನಾನು ಮೈಸೂರಿಗೆ ಹೊರಡುವ ವಾರ ಪೆಟ್ಟಿಗೆ ಬಂತು. ಕುದುರೆ, ಕೊನೆಯ ಚಿತ್ರದಲ್ಲಿ ಕಂಡಿದ್ದ ಹಾಗೆಯೇ, ಬಟ್ಟೆಯಲ್ಲಿ ಸುತ್ತಿ ಮಲಗಿತ್ತು. ಒಳಗೆ ನಿಂತಿರಬೇಕಾದ ಪುಟ್ಟ ಕಡ್ಡಿ ದಾರಿಯಲ್ಲಿ ಬಿದ್ದು ಗಲಗಲ ಎನ್ನುತ್ತಿತ್ತು. ತಂತಿ ಸಡಿಲಿಸಿದಾಗ ಅದು ಬೀಳುವುದು ಸಾಮಾನ್ಯವಂತೆ. ಅಲ್ಲಿಯ ವಾದ್ಯ ರಿಪೇರಿಯವರು ಅದನ್ನು ನಿಲ್ಲಿಸಿ, ಕುದುರೆ ಕೂರಿಸಿ ಕೊಟ್ಟರು. ಅವರಿಗೆ ತೆತ್ತ ಹಣವನ್ನೂ ಸೇರಿಸಿದರೆ ಉಳಿತಾಯ ಮಗಳು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಟೀಚರು ಸ-ಪ-ಸ-ಪಕ್ಕೆ ಶ್ರುತಿ ಮಾಡಿ, ಕಮಾನು ಎಳೆದು, ಒಂದು ಕ್ಷಣ ಕೇಳಿಸಿಕೊಂಡು, “ಪರವಾಗಿಲ್ಲ ಸಾರ್, ಕೆಳಗಿನ ತಂತಿ ಸ್ವಲ್ಪ ಮಂದ, ಮಗುವಿಗೆ ಸಾಕು” ಎಂದರು.