256 ಮನೆ ಆಚೆ

ಜಗಲಿಯ ಮೇಲೆ ಚಾಪೆ ಹಾಸಿದೆ, ಬನ್ನಿ, ಕೂತುಕೊಳ್ಳಿ. ಆರೂವರೆ ಆಗಿದೆ. ಎದುರಿನ ಕೋಸಿನ ಹೊಲದ ಆಚೆ ಕಾಡಿನ ಅಂಚು ಕಪ್ಪಾಗುತ್ತಿದೆ. ಭಾವ ಕಂಬಳಿ ಹೊದ್ದು, ಕೈಯಲ್ಲಿ ದೊಡ್ಡ ಬ್ಯಾಟರಿ ಹಿಡಿದು ಹೊಲದ ಅಟ್ಟಣೆಗೆ ಹೊರಟಿದ್ದಾರೆ. ಆನೆ ಬರುವ ಕಾಲ, ರಾತ್ರಿಯೆಲ್ಲ ಕಾವಲು. ಒಳಗೆ ಅಕ್ಕ ಹಿಟ್ಟು ತಿರುವುತ್ತಿದ್ದಾಳೆ. ಚಾಪೆಯ ಮೇಲೆ ಕಾಲು ಮಡಿಚಿ ಕೂತವಳು ಅವಳ ಮಗಳು. ಒಂಬತ್ತನೆಯ ತರಗತಿ, ಕನ್ನಡ ಮಾಧ್ಯಮ. ತೊಡೆಯ ಮೇಲಿರುವ ಲ್ಯಾಪ್‌ಟಾಪ್ ಅವಳ ಅಣ್ಣನಿಗೆ ಪ್ಲಸ್ ಟೂನಲ್ಲಿ ತಮಿಳುನಾಡು ಸರ್ಕಾರ ಕೊಟ್ಟದ್ದು. 2011ರಲ್ಲಿ ಶುರುವಾದ ಆ ಉಚಿತ ಲ್ಯಾಪ್‌ಟಾಪ್ ಯೋಜನೆಯಿಂದ ಈ ತಾಳವಾಡಿ ಬೆಟ್ಟದ ಹಲವು ಮನೆಗಳಿಗೆ ಮೊದಲ ಕಂಪ್ಯೂಟರ್ ಬಂತು. ಹೋದ ಸಲ ಬಂದಾಗ ನಾನು ಅದಕ್ಕೆ ಹೊಸ ಲಿನಕ್ಸ್ ಹಾಕಿಕೊಟ್ಟೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದರ ಜೊತೆಗೇ ಬಂತು.

ಸ್ವಲ್ಪ ಈಚೆ ಸರಿಯಿರಿ, ಪರದೆ ಕಾಣಲಿ. ಅವಳು ಒಂದು ಸಾಲು ಬರೆದಿದ್ದಾಳೆ: ಊರು, ಸಮ ಚಿಹ್ನೆ, ಉದ್ಧರಣ ಚಿಹ್ನೆಯೊಳಗೆ ತಾಳವಾಡಿ. ಕೆಳಗೆ ‘ಲೆನ್’ ಎಂದು ಬರೆದು ಆವರಣದಲ್ಲಿ ಊರು. ಎಷ್ಟು ಅಕ್ಷರ ಎಂದು ಕೇಳುವ ಬಗೆ ಅದು. ಎಂಟರ್ ಒತ್ತಿದಳು. ಮುಖ ಗಂಟಾಯಿತು.

“ಮಾವ, ಇದು ಸುಳ್ಳು ಹೇಳ್ತದ. ನಮ್ಮೂರ್ಗ ಏಳಕ್ಷರ ಅಂತದ.”

“ಎಷ್ಟು ಇರಬೇಕಿತ್ತು?”

“ನಾಕು. ತಾ, ಳ, ವಾ, ಡಿ.” ಬೆರಳು ಮಡಿಚಿ ತೋರಿಸಿದಳು.

ಉತ್ತರ ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬರುತ್ತದೆ. ಹೇಳಬಾರದು. “ಆ ಏಳು ಯಾವುವು ಅಂತ ಅದನ್ನೇ ಕೇಳು” ಎಂದೆ. ಊರಿನ ಒಂದೊಂದೇ ಅಕ್ಷರ ತೆಗೆದು ಒಂದೊಂದು ಸಾಲಿಗೆ ಇಡು ಎಂದು ಬರೆಯಬೇಕು. ಬರೆದಳು. ಕೆಂಪು ಸಾಲು ಬಂತು. ಸಾಲಿನ ಕೊನೆಯ ಕೋಲನ್ ಮರೆತಿದ್ದಳು. ಕಳೆದ ವಾರವಾಗಿದ್ದರೆ ಕೆಂಪು ಕಂಡ ಕೂಡಲೇ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳುತ್ತಿದ್ದಳು. ಈಗ ತುಟಿ ಅಲ್ಲಾಡಿಸುತ್ತ ಕೂಡಿಸಿ ಓದುತ್ತಾಳೆ, ಎಷ್ಟನೆಯ ಸಾಲು, ಏನು ಬೇಕಿತ್ತು ಎಂದು ನೋಡುತ್ತಾಳೆ, ಎರಡು ಚುಕ್ಕೆ ಇಡುತ್ತಾಳೆ. ನೋಡಿ, ಏಳು ಸಾಲು ಇಳಿದವು. ಮೊದಲು ತ. ಅದರ ಕೆಳಗೆ ಚುಕ್ಕೆಗಳ ವೃತ್ತಕ್ಕೆ ಅಂಟಿಕೊಂಡ ಒಂದು ಇಳಿ. ಆಮೇಲೆ ಳ, ವ, ಮತ್ತೆ ಇಳಿ, ಡ, ಕೊನೆಗೆ ಒಂಟಿ ಗುಡಿಸು.

ಒಳಗಿನಿಂದ ನನ್ನ ಅವ್ವ, ಇವಳ ಅಜ್ಜಿ, ಕೇಳಿದರು, “ಏನಂತ ಮಗ ಅದು?” ಇವಳು ಹೇಳಿದಳು. ಅವ್ವ ಎರಡನೆಯ ಕ್ಲಾಸಿಗೇ ಶಾಲೆ ಬಿಟ್ಟವರು. “ಹಂಗಾರ ಅದು ಕಾಗುಣಿತ ಬಿಡ್ಸಿ ಎಣಿಸ್ತದ ಕಣ” ಎಂದರು.

ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಮಾನಕ ಕನ್ನಡವನ್ನು ಹೇಗೆ ಇಟ್ಟುಕೊಂಡಿದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ಕೋಡಿಂಗ್ ಕಲಿಸುವುದಿಲ್ಲ ಎಂದಲ್ಲ. ಇಲ್ಲಿನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಕೊನೆಯಲ್ಲಿ ಸ್ಕ್ರಾಚ್ ಇದೆ. 2018ರ ಹೊಸ ಪಠ್ಯಕ್ರಮದಲ್ಲಿ ಪ್ಲಸ್ ಒನ್ನಿಗೆ ಸಿ ಪ್ಲಸ್ ಪ್ಲಸ್ ಬಂತು, ಮರುವರ್ಷ ಪ್ಲಸ್ ಟೂಗೆ ಪೈಥಾನ್. ಆದರೆ ಅಷ್ಟು ಹೊತ್ತಿಗೆ ಹೆಚ್ಚಿನ ಮಕ್ಕಳ ತಲೆಯಲ್ಲಿ ಒಂದು ಮಾತು ಕೂತುಬಿಟ್ಟಿರುತ್ತದೆ: ಇಂಗ್ಲಿಷ್ ಬಾರದವರಿಗೆ ಕೋಡಿಂಗ್ ಬಾರದು. ಇದು ನಿಜವಲ್ಲ. ಇಂದಿನ ಪೈಥಾನ್‌ನಲ್ಲಿ ಮೀಸಲು ಪದಗಳು 35. ನಮ್ಮ ವರ್ಣಮಾಲೆಯ 49 ಅಕ್ಷರಕ್ಕಿಂತ ಕಡಿಮೆ. ‘ಲೆನ್’ನಂಥ ಸಿದ್ಧ ಹೆಸರುಗಳನ್ನು ಬಿಟ್ಟರೆ ಉಳಿದ ಹೆಸರೆಲ್ಲ ನಾವು ಇಟ್ಟದ್ದು. ಆ ಹೆಸರುಗಳನ್ನು 2008ರ ಪೈಥಾನ್ 3ರಿಂದ ಕನ್ನಡದಲ್ಲೇ ಬರೆಯಬಹುದು. ‘ಊರು’ ಎಂದು ಬರೆದಾಗ ಯಂತ್ರ ತಕರಾರು ಮಾಡಲಿಲ್ಲ, ನೀವೇ ನೋಡಿದಿರಲ್ಲ.

ಈಗ ಎರಡನೆಯ ಆಟ. ಅಕ್ಷರ ಕೊಟ್ಟರೆ ಅದರ ಸಂಖ್ಯೆ ಹೇಳುವ ‘ಆರ್ಡ್’ ಎಂಬುದೊಂದಿದೆ. ಕನ್ನಡದ ಕ ಕೊಟ್ಟಳು: 3221. “ತಮಿಳಿನ ಕ ಕೊಡು” ಎಂದೆ. ತಮಿಳು ಅವಳಿಗೆ ಚೆನ್ನಾಗಿ ಗೊತ್ತು. 2006ರ ಕಾಯಿದೆಯಿಂದಾಗಿ ಈ ರಾಜ್ಯದ ಕನ್ನಡ ಮಾಧ್ಯಮದ ಮಕ್ಕಳೂ ತಮಿಳನ್ನು ಒಂದು ವಿಷಯವಾಗಿ ಕಲಿಯುತ್ತಾರೆ. ಕೀಲಿಮಣೆ ತಮಿಳಿಗೆ ಬದಲಿಸಿದಳು, ಅದೇ ಕೀಲಿ ಒತ್ತಿದಳು, ತಮಿಳಿನ ಕ ಬಂತು. 2965. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಕಳೆದಳು: 256. ತ ಕೊಟ್ಟಳು: 3236, 2980. ಮತ್ತೆ 256. ಳ: 3251, 2995. ಪೆನ್ಸಿಲು ನಿಂತಿತು.

“ಎಲ್ಲಕೂ ಅಷ್ಟೇನಾ ಮಾವ?”

1991ರಲ್ಲಿ ಭಾರತೀಯ ಮಾನಕ ಬ್ಯೂರೊ ನಮ್ಮ ಹಲವು ಲಿಪಿಗಳಿಗೆ ಒಂದೇ ಕ್ರಮದ ಪಟ್ಟಿಯನ್ನು ಮಾನಕ ಮಾಡಿತು, ಅದರ ಹೆಸರು ಇಸ್ಕಿ. ಅದೇ ಸಾಲಿನ ಸ್ವಲ್ಪ ಹಿಂದಿನ ಪಟ್ಟಿಯನ್ನು ಯೂನಿಕೋಡ್ ಹಾಗೇ ಎತ್ತಿಕೊಂಡಿತು. ಲಿಪಿ ಬೇರೆಯಾದರೂ ಕ ಕೂರುವ ಜಾಗ, ತ ಕೂರುವ ಜಾಗ ಒಂದೇ ಸಮ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಎರಡು ಭಾಷೆಯ ಕಕಾರಕ್ಕೂ ಒಂದೇ ಕೀಲಿ ಇರುವುದೂ ಇದೇ ವಿಚಾರದಿಂದ. ನಾನು ಹೇಳಿದ್ದು ಇಷ್ಟೆ: “ಒಂದೇ ಥರದ ಮನೆಗಳ ಎರಡು ಬೀದಿ. ತಮಿಳು ಬೀದಿಯ ಒಂದು ಮನೆಯಿಂದ 256 ಮನೆ ಮುಂದೆ ನಡೆದರೆ ಕನ್ನಡ ಬೀದಿಯ ಅದೇ ಮನೆ.”

ಅವಳು ಆಗಲೇ ಬರೆಯತೊಡಗಿದ್ದಳು. ಇಂಥ ಹೊತ್ತಿನಲ್ಲಿ ಮಾತಾಡಬಾರದು, ನೀವೂ ಸುಮ್ಮನಿರಿ. ಅಕ್ಷರ ತೆಗೆ, ಸಂಖ್ಯೆ ಮಾಡು, 256 ಕೂಡು, ಮತ್ತೆ ಅಕ್ಷರ ಮಾಡು. ಐದು ಸಾಲು. ಬೆಳಿಗ್ಗೆ ಬಸ್‌ಸ್ಟಾಂಡಿನಲ್ಲಿ ನಿಂತಿದ್ದ ಬಸ್ಸಿನ ತಮಿಳು ಬೋರ್ಡನ್ನು ನೆನಪಿನಿಂದ ಟೈಪ್ ಮಾಡಿದಳು: ಈರೋಡು, ತಾಳವಾಡಿ. ಆ ಬಸ್ಸು ಸತ್ಯಮಂಗಲ, ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ, ಹಾಸನೂರಿನ ಮೇಲೆ ಬರುತ್ತದೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಈ ಕನ್ನಡ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಉಳಿಯಿತು, ಮುಂದೆ ಈರೋಡಿಗೆ ಸೇರಿತು. ಆಡುವುದು ಕನ್ನಡ, ಬೋರ್ಡು ತಮಿಳು. ಅಂದಿನಿಂದ ಇಲ್ಲಿನವರು ಎರಡು ಬೀದಿಯಲ್ಲೂ ಓಡಾಡುತ್ತಲೇ ಇದ್ದಾರೆ.

ಎಂಟರ್.

ಈರೋಟು. ತಾಳವಾಟಿ.

ಎರಡರ ನಡುವಿನ ಖಾಲಿ ಜಾಗವೂ 256 ಮನೆ ನಡೆದುಹೋಗಿ, ತಲೆಯ ಮೇಲೆ ಚುಕ್ಕೆ ಹೊತ್ತ ಇಂಗ್ಲಿಷಿನ ‘ಜಿ’ ಆಗಿ ಕೂತಿತ್ತು! ಅವಳು ಅದನ್ನು ಗಮನಿಸಲೇ ಇಲ್ಲ. ತಮಿಳು ಹೋಗಿ ಕನ್ನಡ ಬಂದಿತ್ತು, ಅದೂ ಅವಳು ಬರೆದ ಐದು ಸಾಲಿನಿಂದ. ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಓಡಿದಳು, ಅವ್ವನಿಗೆ ತೋರಿಸಿದಳು. ಅವ್ವ ಕಣ್ಣು ಕಿರಿದು ಮಾಡಿ ಓದಿ, “ಚಂದಾಗದ. ನಮ್ಮೂರು ತಾಳವಾಟಿ ಯಾಕಾಯ್ತು?” ಎಂದರು.

ನಿಧಾನಕ್ಕೆ ಹಿಂದಿರುಗಿ ಬಂದು ಕೂತಳು. ಯಾಕಾಯಿತೆಂದು ಅವಳಿಗೆ ಗೊತ್ತಿತ್ತು. ತಮಿಳಿನಲ್ಲಿ ಟಕಾರಕ್ಕೂ ಡಕಾರಕ್ಕೂ ಒಂದೇ ಅಕ್ಷರ. ಎಲ್ಲಿ ಯಾವುದೆಂದು ಓದುವವರ ಬಾಯಿಗೆ ಗೊತ್ತಿರಬೇಕು. ಯಂತ್ರಕ್ಕೆ ಬಾಯಿಲ್ಲ. “ನೀನು ಓದುವಾಗ ಡ ಅಂತ ಹೇಗೆ ತಿಳಿಯುತ್ತೆ? ಅದನ್ನೇ ಬರೆ” ಎಂದೆ. ತಮಿಳು ಪಾಠದ ಪುಸ್ತಕ ತಂದು ಪುಟ ತಿರುವಿದಳು, ಗೊಣಗಿಕೊಂಡು ಓದಿದಳು. ಇಪ್ಪತ್ತು ನಿಮಿಷವಾದ ಮೇಲೆ ನಿಯಮ ಬಂತು: ಅದರ ಮೇಲೆ ಪುಳ್ಳಿ ಎಂಬ ಚುಕ್ಕೆಯಿದ್ದರೆ, ಇಲ್ಲವೇ ಅದರ ಹಿಂದೆ ಪುಳ್ಳಿ ಹೊತ್ತ ಅದೇ ಅಕ್ಷರವಿದ್ದರೆ, ಅಂದರೆ ಒತ್ತಕ್ಷರವಾದರೆ, ಟ. ಇಲ್ಲದಿದ್ದರೆ ಡ. ಅದನ್ನು ‘ಇಫ್’ ಮಾಡಿ ಬರೆದಳು. ಪಕ್ಕದ ಮೆಟ್ಟಲವಾಡಿಯ ಬೋರ್ಡು ಕೊಟ್ಟಳು. ಅದರಲ್ಲಿ ಎರಡು ಬಗೆಯೂ ಇದೆ. ಒತ್ತು ಒತ್ತಾಗಿಯೇ ಉಳಿಯಿತು, ವಾಟಿ ಹೋಗಿ ವಾಡಿ ಬಂತು. ಈಗ ನೀವು ಅವಳ ಮುಖ ನೋಡಬೇಕು.

ಅದೇ ಹುಮ್ಮಸ್ಸಿನಲ್ಲಿ ಕೊಟ್ಟ ಮುಂದಿನ ಹೆಸರು ದೊಡ್ಡಗಾಜನೂರು, ಡಾ. ರಾಜ್‌ಕುಮಾರ್ ಅವರ ಊರು. 2000ದ ಜುಲೈ 30ರ ರಾತ್ರಿ ಅವರನ್ನು ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದದ್ದು ಅಲ್ಲಿನ ತೋಟದ ಮನೆಯಿಂದಲೇ.

ತೊಟ್ಟಕಾಜ, ಆಮೇಲೆ ಒಂದು ಖಾಲಿ ಚೌಕ, ಅದರ ಆಚೆ ರ್.

“ಅಣ್ಣಾವ್ರ ಊರ್ನೇ ಕೆಡಿಸ್ಬುಡ್ತಲ್ಲ ಮಾವ!”

ಚೌಕದ ಕಥೆ ಹೇಳಿದೆ. ತಮಿಳಿನಲ್ಲಿ ಎರಡು ನಕಾರ ಇವೆ, ನಮ್ಮಲ್ಲಿ ಒಂದೇ. ಅವರ ಎರಡನೆಯ ನ 256 ಮನೆ ಈಚೆ ಬಂದರೆ ಅಲ್ಲಿ ಮನೆಯೇ ಇಲ್ಲ, ಬರೀ ನಿವೇಶನ. ‘ತಮಿಳು’ ಎಂಬ ಪದದ ಕೊನೆಯ ಅಕ್ಷರಕ್ಕೂ ಇದೇ ಗತಿ. ಹಳಗನ್ನಡದಲ್ಲಿ ಆ ಅಕ್ಷರ ನಮಗೂ ಇತ್ತು: ೞ. ಏಳು ಎಂಬುದನ್ನು ಆಗ ೞಕಾರದಿಂದಲೇ ಬರೆಯುತ್ತಿದ್ದರು, ತಮಿಳಿನಲ್ಲಿ ಇಂದಿಗೂ ಹಾಗೇ. ಯೂನಿಕೋಡ್ ಅದಕ್ಕೆ ಸಾಲು ತಪ್ಪಿಸಿ ದೂರದಲ್ಲಿ ಮನೆ ಕೊಟ್ಟಿದೆ, ಹೆಸರನ್ನೂ ‘ಫ’ ಎಂದು ತಪ್ಪಾಗಿ ದಾಖಲಿಸಿದೆ. ಒಮ್ಮೆ ಇಟ್ಟ ಹೆಸರು ಬದಲಿಸಬಾರದೆಂಬುದು ಅವರ ನಿಯಮ, ಹಾಗಾಗಿ ತಪ್ಪು ಹಾಗೇ ನಿಂತಿದೆ. ಅವಳು ಎರಡು ಸಾಲು ಸೇರಿಸಿ ಚೌಕಗಳಿಗೆ ನ, ಳ ತುಂಬಿದಳು. ಆ ಕೆಲಸ ಸುಲಭ.

ತೊಟ್ಟ ಸುಲಭವಲ್ಲ. ಅಲ್ಲಿ ಒತ್ತಿದೆ, ಅವಳ ನಿಯಮ ಟ ಎನ್ನುತ್ತದೆ, ಆದರೆ ಅದು ದೊಡ್ಡ. ಮೆಟ್ಟಲು, ದೊಡ್ಡ, ಎರಡಕ್ಕೂ ತಮಿಳಿನಲ್ಲಿ ಒಂದೇ ಒತ್ತು. ಬರೀ ಅಕ್ಷರ ನೋಡಿ ಬೇರೆ ಮಾಡುವ ನಿಯಮ ಯಾರೂ ಬರೆಯಲಾರರು. ಇಂಥಿಂಥ ಊರಿಗೆ ನಾವು ಹೀಗೀಗೆ ಅನ್ನುತ್ತೇವೆ ಎಂದು ಊರಿನವರೇ ಹೇಳಬೇಕು. ಈ ಮಾತು ನನಗೆ ದೊಡ್ಡದೆನಿಸುತ್ತದೆ. ಯಂತ್ರಕ್ಕೆ ಗೊತ್ತಿಲ್ಲದ್ದು ಈ ಹುಡುಗಿಗೆ ಗೊತ್ತು, ಅವಳ ಅಜ್ಜಿಗೆ ಇನ್ನೂ ಹೆಚ್ಚು ಗೊತ್ತು. ಎರಡು ಲಿಪಿಯ ನಡುವೆ ಬೆಳೆದ ಮಗು ಹಿಂದುಳಿದದ್ದೆಂದು ಕರೆಸಿಕೊಳ್ಳುವುದನ್ನು ನಾನು ತುಂಬಾ ಕೇಳಿದ್ದೇನೆ. ಇಂದು ಆ ಎರಡು ಲಿಪಿಯೇ ಅವಳ ಕೈಯ ಸಲಕರಣೆ.

ಹೊಸ ಫೈಲು ತೆರೆದಿದ್ದಾಳೆ. ಎಡಕ್ಕೆ ಬೋರ್ಡಿನ ತಮಿಳು, ಬಲಕ್ಕೆ ನಾವು ಅನ್ನುವ ಹೆಸರು. ಒಳಗಿನಿಂದ ಅವ್ವ ಒಂದೊಂದೇ ಊರಿನ ಹೆಸರು ಕೂಗುತ್ತಿದ್ದಾರೆ, ಇವಳು ಬರೆಯುತ್ತಿದ್ದಾಳೆ. ಹೊಲದ ಕಡೆ ದೂರದಲ್ಲಿ ಭಾವನ ಬ್ಯಾಟರಿ ಬೆಳಕು ಒಮ್ಮೆ ಸುತ್ತಿ ನಿಂತಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜು 11 ಪರ್ಸೆಂಟ್ ಉಳಿದಿದೆ.

ಬೆಂಗಳೂರಿನಲ್ಲಿ ಕೋಡಿಂಗ್ ಕೆಲಸ ಮಾಡುವ ಕನ್ನಡದ ಗೆಳೆಯರೇ, ಒಂದು ಶನಿವಾರ ಇಲ್ಲಿಗೆ ಬನ್ನಿ. ಚಾಮರಾಜನಗರದಿಂದ ಬಸ್ಸಿದೆ. ದಿಂಬಂ ಕಡೆಯಿಂದ ಬರುವವರು ಹಗಲಲ್ಲೇ ಹೊರಡಿ, 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಸುಮ್ಮನೆ ಬಿದ್ದಿದ್ದರೆ ಜೊತೆಗೆ ತನ್ನಿ. ಈ ಬೀದಿಯಲ್ಲೇ ಇನ್ನೂ ನಾಲ್ಕು ಮಕ್ಕಳು ತಮಗೂ ಕಲಿಸಿ ಎಂದು ಕೇಳಿ ಹೋಗಿದ್ದಾರೆ.